ಸೂರಿನ ನೀರು ಬಿದ್ದ ಜಾಗ

ರೆಡ್ ಆಕ್ಸೈಡ್ ಬಣ್ಣದ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಎರಡು ದಿನ ಬಿಡುವುದಿಲ್ಲ. ಕಳೆದ ವಾರ ನಮ್ಮ ಮಾಡಿನ ಶೀಟುಗಳಿಗೆ ತುಕ್ಕು ಹಿಡಿದಿದೆಯೆಂದು ಫಿಟ್ಟರ್ ಒಬ್ಬರನ್ನು ಕರೆಸಿದ್ದೆ. ಅವರು ಅಂಗಳದಲ್ಲಿ ಕೂತು ಡಬ್ಬದ ಮುಚ್ಚಳ ಮೀಟಿ ತೆಗೆದರು. ವಾಸನೆ ಬಂತು, ಅದರ ಹಿಂದೆಯೇ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು. ಪ್ರೀತಿಯಿಂದ ನೆನೆದೆ ಎಂದು ಯಾರೂ ತಿಳಿಯಬೇಡಿ. ಪ್ರೀತಿಯೂ ಇತ್ತು, ತೊಂದರೆಯೇ ಅದು...

ದೊಡ್ಡಮ್ಮ ನನಗೆ ರಕ್ತಸಂಬಂಧಿಯಲ್ಲ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಪ್ಪ ಮನೆ ಹಿಂದಿನ ಹಿಟ್ಟಿನ ಗಿರಣಿಯಲ್ಲಿ ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ನಿಂತಿರುತ್ತಿದ್ದರು. ನನ್ನ ಹೇನು ತೆಗೆದು, ಎರಡು ಜಡೆ ಬಿಗಿದು ಶಾಲೆಗೆ ಅಟ್ಟುತ್ತಿದ್ದವರು ದೊಡ್ಡಮ್ಮ. ಅಪ್ಪ ಕಾಲವಾದ ಮೇಲೆ ಗಿರಣಿ ನಾನು ನಡೆಸುತ್ತೇನೆ ಎಂದಾಗ ಓಣಿಯವರೆಲ್ಲ ಹುಬ್ಬೇರಿಸಿದರು. ಮೊದಲ ದಿನ ಅಕ್ಕಿ ಡಬ್ಬ ಹೊತ್ತು ಬಂದವರೂ ಇವರೇ. "ಹಿಟ್ಟು ತರಿ ಆದ್ರೆ ನಿನ್ ತಲೆ ಮೇಲೇ ಸುರೀತೀನಿ ನೋಡು" ಎಂದಿದ್ದರು. ಅವರ ಬಾಯಿಯೇ ಹಾಗೆ. ಆ ಬೈಗುಳ ಕೇಳದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ನಮ್ಮಿಬ್ಬರ ಮನೆಗಳ ನಡುವೆ ಒಂದು ಸಂದಿಯಿತ್ತು. ಗಿರಣಿಗೆ ಅದೊಂದೇ ದಾರಿ. ತಲೆಯ ಮೇಲೆ ರಾಗಿ ಚೀಲ ಹೊತ್ತವರು, ಸ್ಕೂಟರಿನಲ್ಲಿ ಮೆಣಸಿನಕಾಯಿ ತರುವವರು, ಎಲ್ಲರೂ ಅಲ್ಲಿಂದಲೇ ಬರಬೇಕು. ಸಂದಿ ಯಾರದೆಂದು ಯಾವ ಕಾಗದವೂ ಹೇಳುತ್ತಿರಲಿಲ್ಲ. ನಮ್ಮ ಪತ್ರದಲ್ಲಿ ಪೂರ್ವಕ್ಕೆ ಅವರ ಮನೆ ಎಂದಿತ್ತು, ಅವರ ಪತ್ರದಲ್ಲಿ ಪಶ್ಚಿಮಕ್ಕೆ ನಮ್ಮ ಮನೆ. ಪತ್ರ ಬರೆದ ಪುಣ್ಯಾತ್ಮ ನಡುವಿನ ನೆಲವನ್ನು ಮರೆತೇಬಿಟ್ಟಿದ್ದ. ಆದರೆ ಹೊಸನಗರದ ನಮ್ಮ ಓಣಿಯಲ್ಲಿ ಅದಕ್ಕೊಂದು ಹಳೆಯ ಕಟ್ಟಳೆಯಿತ್ತು. ಯಾರ ಸೂರಿನ ನೀರು ಎಲ್ಲಿಗೆ ಬೀಳುತ್ತದೋ ಅಲ್ಲಿಯವರೆಗೆ ಅವರ ಜಾಗ. ನಮ್ಮ ಹಂಚಿನ ಸೂರು ಗೋಡೆಯಿಂದ ಮೂರಡಿ ಮುಂದಕ್ಕೆ ಚಾಚಿತ್ತು. ಹನಿ ಬಿದ್ದು ಬಿದ್ದು ಮಣ್ಣಿನಲ್ಲಿ ಸಾಲಾಗಿ ಕುಳಿಗಳಾಗಿದ್ದವು. ನಮಗೆ ಗಡಿಕಲ್ಲು ಎಂದರೆ ಆ ಕುಳಿಗಳೇ.

ಹಂಚಿಗೆ ಶತ್ರು ಮಂಗಗಳು. ಬೆಳಿಗ್ಗೆ ಹಿಂಡಾಗಿ ಬಂದು ಮಾಡಿನ ಮೇಲೆ ಕುಣಿದು ಹೋದರೆ ದಿನಕ್ಕೆ ಹತ್ತು ಹಂಚು ಚೂರು. ಗಿರಣಿಯ ಮೋಟರಿನ ಮೇಲೆ ಸೋರತೊಡಗಿದಾಗ ಸಾಕಾಯಿತು. ಸಾಗರದಿಂದ ತಗಡಿನ ಶೀಟು ತರಿಸಿದೆವು. ದೊಡ್ಡಮ್ಮ ನಮ್ಮ ಓಣಿಗೆ ಬರುವ ಮೊದಲು ಮಾಸ್ತಿಕಟ್ಟೆಯಲ್ಲಿ ತಗಡಿನ ಶೆಡ್ಡಿನೊಳಗೆ ಹದಿನೈದು ಮಳೆಗಾಲ ಕಳೆದವರು. ಅವರ ಯಜಮಾನರಿಗೆ ಅಲ್ಲಿ ಕೆಲಸವಿತ್ತು. ಹಾಗಾಗಿ ತಗಡಿನ ವಿಷಯದಲ್ಲಿ ಅವರ ಮಾತೇ ನನಗೆ ವೇದವಾಕ್ಯ. ಸ್ಕ್ರೂ ತಗಡಿನ ಉಬ್ಬಿದ ಏಣಿನ ಮೇಲೇ ಹೊಡೆಯಬೇಕು, ತಗ್ಗಿನಲ್ಲಿ ಹೊಡೆದರೆ ಸೋರುತ್ತದೆ ಎಂದು ಅವರೇ ಹೇಳಿಕೊಟ್ಟದ್ದು. ಅಡಿಯ ರಬ್ಬರ್ ವಾಷರ್ ಬಿರಿದಿದೆಯೇ ಎಂದು ವರ್ಷಕ್ಕೊಮ್ಮೆ ಹತ್ತಿ ನೋಡಬೇಕು, ತುಕ್ಕು ಕಂಡಲ್ಲಿ ರೆಡ್ ಆಕ್ಸೈಡ್ ಬಳಿಯಬೇಕು ಎಂದದ್ದೂ ಅವರೇ.

ಸಂದಿ ಕಡೆಯ ಶೀಟು ಕೂರಿಸುವ ಹೊತ್ತಿಗೆ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತರು.

"ಸೂರು ಇಷ್ಟುದ್ದ ಬಿಡ್ಬೇಡ ಮಾರಾಯ್ತಿ. ಹಂಚಿಗೆ ಭಾರ ಇರ್ತದೆ, ಕೂತ್ಕಳ್ತದೆ. ತಗಡು ಹಂಗಲ್ಲ. ಸಂದಿ ಗಾಳಿ ಅಡಿಯಿಂದ ನುಗ್ತು ಅಂದ್ರೆ ಎತ್ಕಂಡು ಹೋಗ್ತದೆ. ಒಂದಡಿ ಸಾಕು."

ಕೆಲಸದವರು ಒಂದಡಿಗೆ ಕತ್ತರಿಸಿದರು. ಸಂಜೆ ನಮ್ಮ ಯಜಮಾನರು ಮೇಲೆ ನೋಡುತ್ತಾ, "ತೀರಾ ಗಿಡ್ಡ ಆಗ್ಲಿಲ್ವನೇ?" ಎಂದರು. "ದೊಡ್ಡಮ್ಮಂಗಿಂತ ನಿಮಗೆ ಜಾಸ್ತಿ ಗೊತ್ತಾ?" ಎಂದು ಬಾಯಿ ಮುಚ್ಚಿಸಿದೆ. ಕಟ್ಟಳೆ ನನಗೆ ಗೊತ್ತಿಲ್ಲದ್ದೇನಲ್ಲ. ಹುಟ್ಟಿದಾಗಿನಿಂದ ಕೇಳಿದ್ದೆ. ಆದರೂ ಆ ಹೊತ್ತಿಗೆ ಹೊಳೆಯಲಿಲ್ಲ, ಯಾಕೆಂದರೆ ಎದುರಿಗೆ ನಿಂತವರು ದೊಡ್ಡಮ್ಮ.

ಆ ಮಳೆಗಾಲ ನಮ್ಮ ನೀರು ಗೋಡೆಯ ಬುಡದಲ್ಲೇ ಬಿತ್ತು. ಹಳೆಯ ಕುಳಿಗಳ ಮೇಲೆ ದೊಡ್ಡಮ್ಮ ತಾವೇ ಎರಡು ಬುಟ್ಟಿ ಜಲ್ಲಿ ಹರಡಿಸಿದರು. "ನಿನ್ ಗಿರಾಕಿಗಳ ಕಾಲು ಕೆಸರಾಗ್ತದಲ್ಲೇ" ಎಂದರು. ನಾನು ಎಂಥ ಪೆದ್ದಿ ಎಂದರೆ, ಅದಕ್ಕೆ ಕೊಟ್ಟೆಕಡುಬು ಮಾಡಿ ಕೊಟ್ಟು ಬಂದೆ.

ಎರಡು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಸಂದಿಯಲ್ಲಿ ಪಾಯ ತೆಗೆಯುವ ಸದ್ದು. ದೊಡ್ಡಮ್ಮ ಬಾಡಿಗೆಗೆಂದು ಕೋಣೆ ಏರಿಸುತ್ತಿದ್ದರು. ದಾರ ಕಟ್ಟಿದ್ದು ನಮ್ಮ ಗೋಡೆಯಿಂದ ಒಂದಡಿಗೆ. ಏನೋ ತಪ್ಪಾಗಿದೆ, ಕೆಲಸದವರು ಎಡವಟ್ಟು ಮಾಡಿದ್ದಾರೆ ಎಂದುಕೊಂಡು ಓಡಿದೆ. ಅವರು ಕಾಫಿ ಕುಡಿಯುತ್ತಾ ಕಟ್ಟೆಯ ಮೇಲೆ ಕೂತಿದ್ದರು. ನನಗೊಂದು ಲೋಟ ಬೇಕಾ ಎಂದು ಕೇಳಲಿಲ್ಲ. ಮೂವತ್ತು ವರ್ಷದಲ್ಲಿ ಅದೇ ಮೊದಲು.

ಓಣಿಯ ಹಿರಿಯರು ನಾಲ್ವರು ಬಂದರು. ನಾನು ಕುಳಿ ತೋರಿಸಲು ಹೋದರೆ ಅಲ್ಲಿ ಜಲ್ಲಿ. ಕೆದಕಿ ನೋಡಿದೆ, ಮಣ್ಣು ಮಟ್ಟಸವಾಗಿ ಮುಚ್ಚಿಹೋಗಿತ್ತು. ಹಿರಿಯರು ಎಂದಿನ ಪದ್ಧತಿಯಂತೆ ಒಬ್ಬನನ್ನು ಏಣಿ ಹತ್ತಿಸಿ ನಮ್ಮ ಮಾಡಿನ ಮೇಲೆ ಒಂದು ಕೊಡ ನೀರು ಸುರಿಸಿದರು. ಎಲ್ಲರೂ ಕತ್ತೆತ್ತಿ ನಿಂತೆವು. ನೀರು ಶೀಟಿನ ಮೇಲೆ ಸರ್ರನೆ ಜಾರಿ, ಗೋಡೆಯ ಬುಡದಲ್ಲಿ ನಿಂತಿದ್ದ ನನ್ನ ಕಾಲ ಹತ್ತಿರವೇ ಬಿತ್ತು.

"ನೀವೇ ಅಲ್ವಾ ದೊಡ್ಡಮ್ಮ ಗಿಡ್ಡ ಮಾಡ್ಸಿದ್ದು?" ಎಂದೆ.

"ನಿನ್ ಮನೆ ಸೂರು, ನೀನು ಮಾಡ್ಸಿದ್ದು. ನಾನೆಂತಕ್ಕೆ ಹೇಳ್ಲಿ?" ಎಂದರು. ನನ್ನ ಮುಖ ನೋಡಲಿಲ್ಲ, ಹಿರಿಯರ ಮುಖ ನೋಡಿ ಹೇಳಿದರು.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ಜನ ಎಷ್ಟು ಸಲೀಸಾಗಿ ಆಡುತ್ತಾರೆ! ಬೇಲಿಗೆ ಆತುಕೊಂಡೇ ಬೆಳೆದವಳಿಗೆ ಅದು ಹೇಗಿರುತ್ತದೆಂದು ನನಗೆ ಗೊತ್ತು. ಬೇರೆ ಯಾರಾದರೂ ಮಾಡಿದ್ದರೆ ಜಗಳವಾಡಿ ಕೋರ್ಟು ಕಚೇರಿ ಅಲೆಯುತ್ತಿದ್ದೆ. ಇವರ ಮೇಲೆ ದಾವೆ ಹೂಡುವ ಮನಸ್ಸೂ ಬರಲಿಲ್ಲ, ಕ್ಷಮಿಸುವ ಮನಸ್ಸೂ ಬರಲಿಲ್ಲ. ಕೋಣೆ ಎದ್ದು ಸಂದಿ ಮುಚ್ಚಿದ ಮೇಲೆ ಗಿರಣಿಯ ಗಿರಾಕಿಗಳನ್ನು ನಮ್ಮ ನಡುಮನೆ, ಅಡುಗೆಮನೆ ದಾಟಿಸಿ ಒಳಗೆ ಬಿಟ್ಟುಕೊಂಡೆ. ಒಲೆಯ ಮೇಲೆ ಏನಿದೆ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಚಪ್ಪಲಿ ಬಿಟ್ಟು ಚೀಲ ಹೊತ್ತು ಬರುವ ಫಜೀತಿ ಯಾರಿಗೆ ಬೇಕು? ಒಬ್ಬೊಬ್ಬರಾಗಿ ಬಸ್ ಸ್ಟ್ಯಾಂಡಿನ ಹೊಸ ಗಿರಣಿಗೆ ಹೋದರು. ಮೂರನೆಯ ವರ್ಷ ಅಪ್ಪನ ಗಿರಣಿಯ ಬೆಲ್ಟು ಬಿಚ್ಚಿ ಗೋಡೆಗೆ ನೇತುಹಾಕಿದೆ. ಆವತ್ತು ಅತ್ತಷ್ಟು ಅಪ್ಪ ಸತ್ತ ದಿನವೂ ಅತ್ತಿರಲಿಲ್ಲ.

ಕಾಲು ಸೋತ ಮೇಲೆ ದೊಡ್ಡಮ್ಮನನ್ನು ಮಗಳು ತೀರ್ಥಹಳ್ಳಿಗೆ ಕರೆದುಕೊಂಡು ಹೋದಳು. ಎರಡು ಸಲ ನನ್ನನ್ನು ನೋಡಬೇಕೆಂದು ಹೇಳಿ ಕಳಿಸಿದ್ದರು. ಹೋಗಲಿಲ್ಲ. ತಪ್ಪೊಪ್ಪಿಕೊಳ್ಳಲು ಕರೆದರೋ, ಬೈಯಲು ಕರೆದರೋ... ಹೋದ ವರ್ಷ ತೀರಿಕೊಂಡರು. ಆಗಲೂ ಹೋಗಲಿಲ್ಲ.

ಕಳೆದ ವಾರ ಫಿಟ್ಟರ್ ಮಾಡಿನ ಮೇಲೆ ಅರ್ಧ ದಿನ ಕಳೆದು, ಬಿರಿದ ವಾಷರುಗಳನ್ನೆಲ್ಲ ಬದಲಿಸಿ ಕೆಳಗಿಳಿದರು. ಅಂಚಿನ ಶೀಟು ಇಷ್ಟು ವರ್ಷದಲ್ಲಿ ಒಂದಿಂಚೂ ಕದಲಿಲ್ಲ ಎಂದು ಅವರಿಗೆ ಆಶ್ಚರ್ಯ.

"ಸೂರು ಉದ್ದ ಬಿಟ್ಟೋರ್ದೆಲ್ಲ ಮೊನ್ನೆ ಗಾಳಿಗೆ ಕಿತ್ಕಂಡ್ ಹೋಯ್ತು ಅಕ್ಕಾ. ನಿಮಗೆ ಯಾರೋ ತಿಳ್ದೋರೇ ಹೇಳಿದಾರೆ."

ಹೌದು ಎಂದೆ. ದೊಡ್ಡಮ್ಮ ಹೇಳಿದ್ದು ಸುಳ್ಳಾಗಿದ್ದರೆ ನನ್ನ ಕೋಪಕ್ಕಾದರೂ ನಿಲ್ಲಲು ಒಂದು ಜಾಗ ಸಿಗುತ್ತಿತ್ತು. ಅಷ್ಟರಲ್ಲಿ ಫಿಟ್ಟರ್ ಬ್ರಷ್ ಅದ್ದುತ್ತಾ, ಮೇಲಿನ ಬಣ್ಣ ಹಸಿರು ಹೊಡೆಯಲೋ ಕಂದು ಹೊಡೆಯಲೋ ಎಂದು ಕೇಳಿದರು.

"ತಡೀರಿ, ದೊಡ್ಡಮ್ಮನ್ನ ಒಂದ್ಮಾತು ಕೇಳ್ಕೊಂಡು ಬರ್ತೀನಿ" ಎಂದು ನಾನು ಎದ್ದೇಬಿಟ್ಟಿದ್ದೆ.