ನಾಲ್ಕನೇ ಕ್ಲಾಸಿನ ಗಾಳಿ

ಗೋರೆಗಾಂವ್‌ನ ನಮ್ಮ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಸಿಕ್ಕಿದ್ದು ಮೊದಲ ಮಹಡಿಯ ಕೊನೆಯ ಕೋಣೆ. ಕಿಟಕಿಗಳೆಲ್ಲ ಒಂದೇ ಗೋಡೆಗೆ. ಆ ಗೋಡೆಯಾಚೆ, ಕಾಂಪೌಂಡಿಗೆ ತಾಗಿಕೊಂಡೇ ಒಂದು ಟವರ್ ಏಳುತ್ತಿತ್ತು. ದೀಪಾವಳಿ ರಜೆ ಮುಗಿಸಿ ಬಂದಾಗ ಬೆಂಚುಗಳ ಮೇಲೆ ಬಿಳಿ ಪುಡಿ ಕೂತಿತ್ತು. ಒರೆಸಿದೆವು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಕೂತಿತು. ಹೆಡ್‌ಮಾಸ್ಟರು ಬಂದು, ಬೆರಳಿನಿಂದ ಬೆಂಚಿನ ಮೇಲೊಂದು ಗೆರೆ ಎಳೆದು ನೋಡಿ, ಕಿಟಕಿ ಮುಚ್ಚಿಬಿಡಿ ಎಂದು ಹೇಳಿ ಹೋದರು. ಅವರ ಮಟ್ಟಿಗೆ ಸಮಸ್ಯೆ ಅಲ್ಲಿಗೆ ಮುಗಿಯಿತು.

ಮುಚ್ಚಿದ ಕೋಣೆಯಲ್ಲಿ ಪಾಠ ಮಾಡಿದವರಿಗೇ ಅದರ ಸುಖ ಗೊತ್ತು. ಬೆವರು, ತಲೆಗೆ ಬಳಿದ ಎಣ್ಣೆ, ಡಬ್ಬಿಯಲ್ಲಿನ ಪುಂಡಿಪಲ್ಯ, ಎಲ್ಲ ಸೇರಿ ಗಾಳಿಯೇ ದಪ್ಪಗಾದಂತೆ ಅನ್ನಿಸುತ್ತಿತ್ತು. ಎರಡನೇ ಪೀರಿಯಡ್ ಮುಗಿಯುವಷ್ಟರಲ್ಲಿ ಮಕ್ಕಳು ತೂಕಡಿಸುತ್ತಿದ್ದವು. ನನಗೋ ಮೂಗಿನ ತುದಿಯಲ್ಲೇ ಕೋಪ. ರಾತ್ರಿಯೆಲ್ಲ ಮೊಬೈಲ್ ನೋಡಿ ಇಲ್ಲಿಗೆ ನಿದ್ದೆ ಮಾಡಲು ಬರುತ್ತೀರಾ ಎಂದು ಗದರುತ್ತಿದ್ದೆ. ನನಗೂ ಅದೇ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ವಯಸ್ಸಾಯಿತು ಅಂದುಕೊಂಡು ಮಾತ್ರೆ ನುಂಗುತ್ತಿದ್ದೆ.

ಮೊದಲ ಬೆಂಚಿನ ಒಬ್ಬಳು ಮಾತ್ರ ತೂಕಡಿಸುತ್ತಿರಲಿಲ್ಲ. ಅವಳಿಗೆ ಉಬ್ಬಸ. ಉಸಿರು ಎಳೆದುಕೊಳ್ಳುವುದೇ ಒಂದು ಕೆಲಸವಾದವರಿಗೆ ನಿದ್ದೆ ಎಲ್ಲಿಂದ ಬರಬೇಕು? ಆದರೂ ಓದುವ ಹುಚ್ಚು ಅವಳಿಗೆ. ಯಾರು ಓದುತ್ತೀರಿ ಎಂದರೆ ಅವಳ ಕೈಯೇ ಮೊದಲು ಮೇಲೆ. ಎದ್ದು ನಿಂತು ಅರ್ಧ ಸಾಲು ಓದುವುದು, ನಿಲ್ಲುವುದು, ಎದೆಯೊಳಗೆ ಸಿಳ್ಳೆ ಹೊಡೆದಂತೆ ಒಂದು ಸದ್ದು, ಮತ್ತೆ ಉಳಿದರ್ಧ. ಸಾಕು, ಕೂತುಕೋ ಎಂದರೆ ಕೂರುವ ಜಾತಿಯಲ್ಲ. ಪ್ಯಾರಾ ಮುಗಿಯುವವರೆಗೆ ಇಡೀ ಕ್ಲಾಸು ಅವಳಿಗಾಗಿ ಕಾಯುತ್ತಿತ್ತು. ನನಗೆ ಅವಳ ಮೇಲೆ ವಿಪರೀತ ಪ್ರೀತಿ. ಟೀಚರಿಗೆ ಭೇದಭಾವ ಇರಬಾರದು ಎನ್ನುತ್ತಾರೆ. ಇತ್ತು.

ಅವಳ ಅಪ್ಪ ವಿಜಯಪುರದ ಕಡೆಯವರು, ಅದೇ ಟವರಿನಲ್ಲಿ ಟೈಲ್ಸ್ ಕತ್ತರಿಸುತ್ತಿದ್ದರು. ನನ್ನ ಕ್ಲಾಸಿನ ಹೆಚ್ಚಿನ ಅಪ್ಪಂದಿರು ಅಲ್ಲಿಯೇ ಕೆಲಸಕ್ಕಿದ್ದರು. ಹಿಂದಿನ ಚಾಳಿನಲ್ಲಿ ಮನೆ, ಮುಂದೆ ಟವರ್, ನಡುವೆ ಶಾಲೆ. ನಾನು ಉಡುಪಿ ಕಡೆಯವಳು. ಈ ಮಕ್ಕಳ ಮಾತು ಕಿವಿಗೆ ಒಗ್ಗಲು ಮೊದಲ ವರ್ಷ ಒದ್ದಾಡಿದ್ದೆ. ನನ್ನ ಮಾತು ಕೇಳಿ ಅವು ಈಗಲೂ ನಗುತ್ತವೆ.

ಡಿಸೆಂಬರಿನಲ್ಲಿ, ಶಾಲೆಗಳ ಗಾಳಿ ಸುಧಾರಿಸುತ್ತೇವೆ ಎಂದು ಒಂದು ಸಂಸ್ಥೆಯವರು ಬಂದರು. ಗೋಡೆಗೆ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಯಂತ್ರವೊಂದನ್ನು ಅಂಟಿಸಿದರು. ಗಾಳಿ ಚೆನ್ನಾಗಿದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು. ಪ್ರಾರ್ಥನೆ ಮುಗಿಸಿ ಬರುವಾಗ ಹಸಿರಿದ್ದದ್ದು ಮೊದಲ ಪೀರಿಯಡ್ ಮುಗಿಯುವ ಮುಂಚೆಯೇ ಕೆಂಪಾಗುತ್ತಿತ್ತು. "ಟೀಚರ್, ಲಾಲ್ ಆಯ್ತು, ಖಿಡಕಿ ಖೋಲೂ?" ಎಂದು ಕಿಟಕಿ ತೆರೆಯಲು ಕೇಳುವ ಕೂಗು ಹಿಂದಿನ ಬೆಂಚಿನಿಂದ. ಮಕ್ಕಳು ಬಿಟ್ಟ ಉಸಿರನ್ನೇ ಮಕ್ಕಳು ಮತ್ತೆ ಎಳೆದುಕೊಳ್ಳುತ್ತಿದ್ದಾರೆ, ನಿದ್ದೆ ತಲೆನೋವು ಎಲ್ಲ ಅದರಿಂದಲೇ, ಕಿಟಕಿ ತೆರೆದಿಡಿ ಎಂದಳು ಸಂಸ್ಥೆಯ ಹುಡುಗಿ. ಒಳ್ಳೆಯ ಹುಡುಗಿಯೇ. ಆದರೂ, ನೀನು ಒಂದು ದಿನ ಇಲ್ಲಿ ಕಿಟಕಿ ತೆರೆದು ಕೂತು ನೋಡಮ್ಮ ಎಂದುಬಿಟ್ಟೆ.

ಅವಳು ಹೋದಮೇಲೆ ಕಿಟಕಿ ತೆರೆದೆ. ದೀಪ ಹಸಿರಾಯಿತು, ಮಕ್ಕಳು ಚಪ್ಪಾಳೆ ತಟ್ಟಿದವು. ಆಚೆ ಟೈಲ್ಸ್ ಕತ್ತರಿಸುವ ಮಶೀನು ಶುರುವಾಯಿತು. ಗೋಡೆಯ ಯಂತ್ರಕ್ಕೆ ಉಸಿರಿನ ಲೆಕ್ಕ ಗೊತ್ತೇ ಹೊರತು ಧೂಳಿನದಲ್ಲ, ಅದು ಹಸಿರಾಗಿಯೇ ಉಳಿಯಿತು. ಮೊದಲ ಬೆಂಚಿನಲ್ಲಿ ನನ್ನ ಹುಡುಗಿ ಬೆಂಚಿನ ಅಂಚು ಹಿಡಿದು ಮುಂದಕ್ಕೆ ಬಾಗಿದ್ದಳು. ತುಟಿ ಬಣ್ಣಗೆಟ್ಟಿತ್ತು. ಉಬ್ಬಸದ ಪಂಪ್ ಬಾಯಿಗಿಟ್ಟೆ, ರಿಕ್ಷಾದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದೆ. ಧೂಳಿನಿಂದ ದೂರ ಇಡಿ, ಇಲ್ಲದಿದ್ದರೆ ಒಂದು ದಿನ ಪಂಪು ಸಾಲುವುದಿಲ್ಲ ಎಂದರು ಡಾಕ್ಟರು.

ಅಷ್ಟು ಹೊತ್ತಿಗೆ ಅವಳ ಅವ್ವ ಓಡಿ ಬಂದಿದ್ದಳು. ವಾರ್ಡ್ ಆಫೀಸಿಗೆ ದೂರು ಕೊಡುತ್ತೇನೆ, ಟವರಿಗೆ ಧೂಳು ತಡೆಯುವ ಹಸಿರು ಬಟ್ಟೆ ಕಟ್ಟಲಿ, ನೀರು ಚಿಮುಕಿಸಿ ಕತ್ತರಿಸಲಿ, ಅಷ್ಟೇ ಕೇಳುವುದು ಎಂದು ಅವಳಿಗೆ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, ಮಗಳ ಮುಖ ನೋಡಿ, ಮಾಡಿ ಎಂದಳು.

ದೂರು ಕೊಟ್ಟೆ. ಉತ್ತರವಿಲ್ಲ. ಮತ್ತೆ ಹೋದೆ, ಹೋದಾಗಲೆಲ್ಲ ಜಗಳವಾಡಿದೆ. ಕೊನೆಗೊಂದು ದಿನ ಯಾರೋ ಬಂದು ನೋಡಿ, ಕೆಲಸ ನಿಲ್ಲಿಸಿ ಎಂದು ನೋಟಿಸು ಅಂಟಿಸಿ ಹೋದರು. ನಾನು ಕೇಳಿದ್ದು ಒಂದು ಬಟ್ಟೆ, ಒಂದು ಪೈಪು ನೀರು. ಸಿಕ್ಕಿದ್ದು ಟವರಿನ ಬಾಗಿಲಿಗೆ ಬೀಗ.

ಆಮೇಲಿನ ದಿನಗಳು ಚೆನ್ನಾಗಿದ್ದವು, ಸುಳ್ಳು ಹೇಳುವುದಿಲ್ಲ. ಕಿಟಕಿಗಳೆಲ್ಲ ತೆರೆದಿದ್ದವು. ಮಕ್ಕಳು ತೂಕಡಿಸುವುದು ಬಿಟ್ಟು ಗಲಾಟೆ ಶುರು ಮಾಡಿದವು, ನನಗೆ ಅದೇ ಹಬ್ಬ. ಒಂದು ಬೆಳಗ್ಗೆ ಮೊದಲ ಬೆಂಚಿನ ನನ್ನ ಹುಡುಗಿ ಎದ್ದು ನಿಂತು, ಎಲ್ಲೂ ನಿಲ್ಲದೆ, ಒಂದು ಪಾಠವನ್ನು ಪೂರ್ತಿ ಓದಿದಳು. ಮುಗಿಸಿದ ಮೇಲೆ ತನಗೇ ನಂಬಿಕೆ ಬಾರದವಳಂತೆ ನನ್ನನ್ನು ನೋಡಿದಳು. ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಶಾಲೆ ಬಿಟ್ಟಾಗ ಚಾಳಿನ ಬಾಗಿಲುಗಳಲ್ಲಿ ಅಪ್ಪಂದಿರು ಸುಮ್ಮನೆ ಕೂತಿರುತ್ತಿದ್ದರು. ಮೊದಮೊದಲು ನಮಸ್ಕಾರ ಮಾಡುತ್ತಿದ್ದವರು ಆಮೇಲೆ ನೋಡಿಯೂ ನೋಡದವರಂತೆ ಇರತೊಡಗಿದರು. ಬಟ್ಟೆ ಕಟ್ಟುವುದಕ್ಕಿಂತ ಕಾಂಟ್ರಾಕ್ಟರನಿಗೆ ಬೇರೆ ದಾರಿ ಸುಲಭವಾಗಿತ್ತು. ದೂರದ ವಿರಾರ್ ಆಚೆ ಇನ್ನೊಂದು ಟವರ್ ಇತ್ತಂತೆ. ಇಡೀ ಗ್ಯಾಂಗನ್ನು ಅಲ್ಲಿಗೆ ಕಳಿಸಿದ.

ಹುಡುಗಿಯ ಅವ್ವ ಮಗಳ ಎಲ್‌ಸಿ, ಶಾಲೆ ಬಿಟ್ಟ ಸರ್ಟಿಫಿಕೇಟು, ತೆಗೆದುಕೊಳ್ಳಲು ಬಂದಳು. ನನ್ನ ಮೇಲೆ ಕೋಪವಿದ್ದರೆ ಬೈಯಲಿ ಎಂದು ಕಾದೆ. ಬೈಯಲಿಲ್ಲ. ಅಲ್ಲಿ ಎಲ್ಲಿರುತ್ತೀರಿ ಎಂದು ಕೇಳಿದೆ.

"ಸೈಟಿನ್ಯಾಗ ತಗಡಿನ ಶೆಡ್ ಕೊಟ್ಟಾರ್ರಿ. ಕಟಿಂಗ್ ಮಶೀನ ಬಾಜೂಕ ಐತಂತ. ಕಿಡಕಿ ಇಲ್ರಿ."

ಹುಡುಗಿಯನ್ನು ನನ್ನ ಹತ್ತಿರ ಬಿಟ್ಟು ಹೋಗಿ ಎಂದೆ. ಜೋಗೇಶ್ವರಿಯಲ್ಲಿ ನನ್ನದು ಒಂದೇ ಕೋಣೆಯ ಮನೆ, ಆದರೂ ಮನಸಾರೆ ಹೇಳಿದೆ. ಅವಳು ನಕ್ಕಳು.

"ಉಸುರು ಹತ್ತಿದಾಗ ಎದಿ ತಿಕ್ಕಾಕ ಅವ್ವನ ಬೇಕಾಗ್ತಾಳ್ರಿ, ಟೀಚರ್. ನೀವೇನ್ ಮಾಡೀರಿ ಪಾಪ."

ಯಾರ ಮೇಲೆ ಕೂಗಾಡಲಿ? ಎಲ್‌ಸಿ ಕೈಗಿಟ್ಟೆ. ಅಲ್ಲಿ ಹತ್ತಿರದಲ್ಲಿ ಕನ್ನಡ ಶಾಲೆ ಇದೆಯಾ ಎಂದು ಹುಡುಗಿ ಕೇಳಿದಳು. ನನಗೆ ಗೊತ್ತಿದ್ದಂತೆ ಇರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದೆ.

ಆ ತಿಂಗಳ ಕೊನೆಗೆ ಕ್ಲಾಸಿನಲ್ಲಿ ಅರ್ಧಕ್ಕರ್ಧ ಬೆಂಚು ಖಾಲಿ. ಸಂಸ್ಥೆಯ ಹುಡುಗಿ ಫೋನ್ ಮಾಡಿದಳು. ಯಂತ್ರದ ಲೆಕ್ಕದಲ್ಲಿ ನಮ್ಮ ಕೋಣೆಯ ಗಾಳಿ ಎಲ್ಲ ಶಾಲೆಗಳಿಗಿಂತ ಚೆನ್ನಾಗಿದೆಯಂತೆ, ಪರೇಲ್‌ನಲ್ಲಿ ಒಂದು ಸಭೆಯಂತೆ, ನಾನು ಮಾತಾಡಬೇಕಂತೆ. ಬರುವಾಗ ಇದರಿಂದ ಉಪಯೋಗವಾದ ಒಂದು ಮಗುವನ್ನೂ ಕರೆದುಕೊಂಡು ಬನ್ನಿ ಎಂದಳು. ಉಪಯೋಗವಾದವಳು ಈಗ ವಿರಾರ್ ಆಚೆ ಇದ್ದಾಳೆ, ಟೈಲ್ಸ್ ಕತ್ತರಿಸುವ ಮಶೀನಿನ ಪಕ್ಕದಲ್ಲಿ ಮಲಗುತ್ತಾಳೆ ಎಂದೆ. ಅಯ್ಯೋ ಎಂದಳು. ಆಮೇಲೆ, ಬೇರೆ ಯಾರಾದರೂ ಇದ್ದಾರಾ ಮೇಡಂ, ಎಂದು ಮೆಲ್ಲಗೆ ಕೇಳಿದಳು.