ಅರಿಶಿನ ಹಚ್ಚಿದ ಕೊಟ್ಟಿಗೆ

ಆಗೆಲ್ಲ ಚಿಕ್ಕಜಾಜೂರಿನ ನಮ್ಮ ಬೀದಿಗೆ ಗಡಿಯಾರ ಬೇಕಿರಲಿಲ್ಲ. ಮೊದಲ ರೈಲು ಕೂಗಿದರೆ ಅಪ್ಪ ಸ್ನಾನಕ್ಕೆ ಏಳುತ್ತಿದ್ದರು. ಅವರು ಲಿಂಗಪೂಜೆಗೆ ಹಚ್ಚಿದ ಊದಿನಕಡ್ಡಿಯ ಘಮ ಪಡಸಾಲೆಗೆ ಬರುವಷ್ಟರಲ್ಲಿ ನಾನು ತಂಬಿಗೆ ಹಿಡಿದು ಪಕ್ಕದ ರುದ್ರಕ್ಕನ ಮನೆಗೆ ಹಾಲಿಗೆ ಹೊರಡಬೇಕಿತ್ತು. ಆ ಶನಿವಾರವೂ ಹಾಗೆಯೇ ಹೊರಟೆ, ಒಂದು ಕಾಲಿಗೆ ಮಾತ್ರ ಸಾಕ್ಸ್ ಹಾಕಿಕೊಂಡು, ಇನ್ನೊಂದು ಸಿಗದೆ. ಅಮ್ಮ ಬಾಗಿಲವರೆಗೂ ಬಂದು ಪಿಸುಗುಟ್ಟಿದಳು.

"ಆಯಮ್ಮ ಏನ್ ಕೇಳಿದ್ರೂ ಬಾಯಿ ಬಿಡಬ್ಯಾಡ. ಹಾಲು ಇಸ್ಕಂಡು ಸೀದಾ ಬಾ."

ರುದ್ರಕ್ಕ ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಏನೇ ಶೋಭಿ, ನಿಮ್ಮಪ್ಪ ಅಷ್ಟ್ ಚೆಂದದ ಕೊಟ್ಟಿಗೆ ಕಟ್ಸವ್ರೆ, ಹಸು ಯಾವಾಗ ಬರ್ತೈತೆ?"

"ಗೊತ್ತಿಲ್ಲ ಅಕ್ಕ."

"ಹಸು ಬಂದ್ಮೇಲೆ ನನ್ ಹಾಲು ಯಾರ್ ತಗಂತಾರಮ್ಮ?" ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಅಳತೆ ಮುಗಿದ ಮೇಲೆ ಅವಳು ದಿನವೂ ಹಾಕುತ್ತಿದ್ದ ಕೊಸರು ಆವತ್ತು ಸ್ವಲ್ಪ ಹೆಚ್ಚೇ ಇತ್ತು. ಅದೂ ಹಿಡಿಸಲಿಲ್ಲ.

ಹಿತ್ತಲಲ್ಲಿ ಎದ್ದಿದ್ದು ಕೊಟ್ಟಿಗೆಯಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಗೌರತ್ತೆಗೆ. ಗೌರತ್ತೆ ಅಪ್ಪನ ತಂಗಿ. ಹಿಂದಿನ ಯುಗಾದಿ ಮುಗಿದ ವಾರದಲ್ಲಿ ಐಮಂಗಲದ ಗಂಡನ ಮನೆಯಿಂದ ಒಂದು ಟ್ರಂಕು, ಒಂದು ಹೊಲಿಗೆ ಮಿಷನ್ನು ತಂದು ನಮ್ಮ ಪಡಸಾಲೆಯಲ್ಲಿ ಇಳಿಸಿದ್ದಳು. ಯಾಕೆ ಬಂದಳೆಂದು ಮಕ್ಕಳಿಗೆ ಯಾರೂ ಹೇಳಲಿಲ್ಲ. ಮಾತಿನ ನಡುವೆ ಐಮಂಗಲ ಎಂಬ ಹೆಸರು ಬಂದರೆ ಸಾಕು, ಅವಳ ಮಿಷನ್ನಿನ ಪೆಡಲು ನಿಂತುಹೋಗುತ್ತಿತ್ತು. ನಾನು ಅದನ್ನು ಎಷ್ಟೋ ಸಲ ಗಮನಿಸಿದ್ದೆ. ರಾತ್ರಿ ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು. ಅವಳ ಸೆರಗಿಗೆ ಹೊಸ ಬಟ್ಟೆಯ ಗಂಜಿಯ ವಾಸನೆ.

ಅವಳು ಬಂದ ಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು. ಅಮ್ಮ, ಅತ್ತೆ ಜಗಳವಾಡಿದ್ದು ನಾನು ಕೇಳಿಲ್ಲ. ಆದರೆ ಸಾರಿಗೆ ಒಬ್ಬರು ಹಾಕಿದ ಉಪ್ಪಿನ ಮೇಲೆ ಇನ್ನೊಬ್ಬರು ಉಪ್ಪು ಹಾಕುವುದು, ಮುಚ್ಚಳವನ್ನು ಬೇಕಿದ್ದಕ್ಕಿಂತ ಗಟ್ಟಿಯಾಗಿ ಮುಚ್ಚುವುದು ನಡೆದೇ ಇತ್ತು. ಒಂದು ದಿನ ಅತ್ತೆ ಅಪ್ಪನಿಗೆ ಹೇಳಿದಳು, "ಅಣ್ಣ, ನಂದು ಅಂತ ಒಂದು ಒಲೆ ಹಚ್ಕಳಕೆ ಜಾಗ ಕೊಡು. ಇಲ್ಲಾಂದ್ರೆ ಐಮಂಗಲದ ಬಸ್ಸು ಹತ್ತಿಬಿಡ್ತೀನಿ."

ಮನೆ ಕಟ್ಟಲು ಪಂಚಾಯಿತಿಯ ಪರವಾನಗಿ ಬೇಕು. ಜಾಗ ಇನ್ನೂ ತಾತನ ಹೆಸರಿನಲ್ಲಿದ್ದುದರಿಂದ ಅದಕ್ಕೆ ದೊಡ್ಡಪ್ಪನ ಸೈನೂ ಬೇಕು. ದೊಡ್ಡಪ್ಪ, "ಗಂಡನ್ನ ಬಿಟ್ಟು ಬಂದೋಳಿಗೆ ಗೋಡೆ ಎಬ್ಸಾಕೆ ನಾನು ಸೈನ್ ಹಾಕಲ್ಲ" ಎಂದುಬಿಟ್ಟಿದ್ದರು. ಕೊಟ್ಟಿಗೆಗಾದರೆ ಯಾವ ಕಾಗದವೂ ಬೇಡವೆಂದು ಅಪ್ಪನಿಗೆ ಯಾರೋ ಹೇಳಿದ್ದರು. ಸ್ಟೇಷನ್ ರಸ್ತೆಯಲ್ಲಿ ಅಪ್ಪನದು ಕಬ್ಬಿಣದ ಸಾಮಾನಿನ ಅಂಗಡಿ. ತಗಡು, ಮೊಳೆ, ತಂತಿಗೆ ಕೊರತೆಯಿರಲಿಲ್ಲ. ಹೀಗೆ ಕೊಟ್ಟಿಗೆ ಏಳತೊಡಗಿತು. ನಾನು ಸ್ಕೂಲಿನಿಂದ ಬಂದು ಮರಳುಗುಡ್ಡೆಯಲ್ಲಿ ಪಾದ ಹೂತು, ಮೇಲೆ ಹಸಿ ಮರಳು ತಟ್ಟಿ, ಮೆಲ್ಲಗೆ ಕಾಲು ಎಳೆದು ಗುಬ್ಬಿಗೂಡು ಕಟ್ಟುತ್ತಿದ್ದೆ. ಕೂತಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಹೊಲಿಗೆ ಮಿಷನ್ನಿಗೆ ಎಡಗಡೆಯಿಂದ ಬೆಳಕು ಬೀಳುವ ಹಾಗೆ ಒಂದು ಕಿಟಕಿ. ಸೊಂಟದ ಎತ್ತರಕ್ಕೆ ಒಂದು ಕಟ್ಟೆ. ಗೋಡೆಗೆ ಕನ್ನಡಿ ತೂಗುವ ಮೊಳೆ. ಯಾವ ಹಸು ಕನ್ನಡಿ ನೋಡಿಕೊಳ್ಳುತ್ತದೆ?

ಶುಕ್ರವಾರ ಪಂಚಾಯಿತಿಯ ಬಿಲ್ ಕಲೆಕ್ಟರ್ ಅಂಗಡಿಗೇ ಬಂದು, "ನಿಮ್ ಹಿತ್ಲಲ್ಲಿ ಮನೆ ಎದ್ದೈತಂತಲ್ಲ ಮಲ್ಲಣ್ಣ, ನಾಳೆ ಮಧ್ಯಾಹ್ನ ಬಂದು ನೋಡ್ತೀನಿ" ಎಂದಿದ್ದ. ಮನೆ ಎಂದು ಅವನು ಬರೆದುಕೊಂಡರೆ ಕೆಡವಬೇಕು. ಕೆಡವಿದರೆ ಅತ್ತೆ ಬಸ್ಸು ಹತ್ತಬೇಕು. ಇಷ್ಟು ನನಗೂ ಅರ್ಥವಾಗಿತ್ತು. ಹೇಳಿದವರು ಯಾರು? ಕಾಂಪೌಂಡಿನ ಮೇಲಿಂದ ದಿನವೂ ಇಣುಕುತ್ತಿದ್ದವಳು ರುದ್ರಕ್ಕ ಒಬ್ಬಳೇ.

ಆದರೆ ಆ ಶನಿವಾರ ಬೆಳಗ್ಗೆ ನನಗೆ ಇನ್ನೊಬ್ಬರ ಮೇಲೆ ಅನುಮಾನ ಬಂತು. ವ್ಯಾನಿಗೆ ಕಾಯುತ್ತ ನಿಂತಿದ್ದಾಗ, ಅಮ್ಮ ಸೆರಗಿನ ಕೆಳಗೆ ಏನನ್ನೋ ಮುಚ್ಚಿಕೊಂಡು, ಅತ್ತ ಇತ್ತ ನೋಡಿ, ಹಿತ್ತಲಿಗೆ ಹೋದದ್ದು ಕಂಡಿತು. ನನ್ನನ್ನು ಕಂಡವಳೇ, "ನಿಂಗೇನೇ ಕೆಲ್ಸ ಇಲ್ಲಿ? ವ್ಯಾನ್ ಬಂತು ನೋಡು" ಎಂದು ಗದರಿಸಿದಳು. ಅತ್ತೆ ಹೋಗಲಿ ಎಂದು ಅಮ್ಮನಿಗೂ ಇರಬಹುದೇ? ಹೊಳಲ್ಕೆರೆಯ ಕಾನ್ವೆಂಟಿನಲ್ಲಿ ಸಿಸ್ಟರ್ ಮಾರಲ್ ಸೈನ್ಸ್ ಹೇಳುತ್ತಿದ್ದರೆ ನಾನು ಅಮ್ಮನ ಸೆರಗನ್ನೇ ಯೋಚಿಸುತ್ತ ಕೂತಿದ್ದೆ.

ಅರ್ಧ ದಿನದ ಸ್ಕೂಲು ಮುಗಿಸಿ ಬರುವಷ್ಟರಲ್ಲಿ ಹಿತ್ತಲಲ್ಲಿ ನಿಜವಾಗಿಯೂ ಒಂದು ಹಸು ನಿಂತಿತ್ತು. ಪಕ್ಕದಲ್ಲೇ ರುದ್ರಕ್ಕನ ಮೂರು ಹಸುಗಳಿದ್ದರೂ ಅಪ್ಪ ಮೂರು ಬೀದಿ ದಾಟಿ ಈರಜ್ಜನ ಹಸುವನ್ನು ಹೊಡೆದು ತಂದಿದ್ದರು. ಅದು ಹಗ್ಗ ಜಗ್ಗುತ್ತ, ಬಂದ ದಾರಿ ಕಡೆ ಮುಖ ಮಾಡಿ ಅಂಬಾ ಎನ್ನುತ್ತಲೇ ಇತ್ತು. ಯಾರಿಗೂ ಊಟ ಸೇರಲಿಲ್ಲ. ತಟ್ಟೆಯಲ್ಲಿ ರೊಟ್ಟಿ ತಣ್ಣಗಾದವು.

ಮೂರು ಗಂಟೆಗೆ ಬಿಲ್ ಕಲೆಕ್ಟರ್ ಮೊಪೆಡ್ಡಿನಲ್ಲಿ ಬಂದ. ಹಸುವನ್ನು ಸುತ್ತಿ ನೋಡಿ ಬಾಗಿಲ ಹತ್ತಿರ ಹೋದ. ನನ್ನ ಕಣ್ಣು ಆಗ ಹೊಸ್ತಿಲಿನ ಮೇಲೆ ಬಿತ್ತು. ಅಂಚಿನಿಂದ ಅಂಚಿಗೆ ಅರಿಶಿನ, ನಡುವೆ ಐದು ಕುಂಕುಮದ ಬೊಟ್ಟು, ಎರಡು ಕಣಗಿಲೆ ಹೂವು. ಬೆಳಗ್ಗೆ ಅದು ಬರಿಯ ಮರವಾಗಿತ್ತು.

ಅಪ್ಪನೂ ಆಗಲೇ ನೋಡಿದ್ದು. ಜೇಬಿನಲ್ಲಿದ್ದ ಪೆನ್ನನ್ನು ಸುಮ್ಮನೆ ತೆಗೆದರು, ಮತ್ತೆ ಇಟ್ಟರು. ಬಿಲ್ ಕಲೆಕ್ಟರ್ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಚಪ್ಪಲಿ ಬಿಟ್ಟ. ಹೊಸ್ತಿಲು ತುಳಿಯದೆ ದಾಟಿ ಒಳಗೆ ಹೋದ. ಕೊಟ್ಟಿಗೆಗೆ ಚಪ್ಪಲಿ ಬಿಟ್ಟು ಹೋಗುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಕಿಟಕಿ ಯಾಕಣ್ಣ?" ಒಳಗಿನಿಂದ ಅವನ ದನಿ.

"ಗಾಳಿ ಆಡ್ಲಿ ಅಂತ."

"ಈ ಕಟ್ಟೆ?"

"ಬೂಸಾ ಮೂಟೆ ಇಡಾಕೆ. ನೆಲದ ಮ್ಯಾಲಿಟ್ರೆ ಥಂಡಿ ಹಿಡಿತೈತೆ."

ಹೊರಗೆ ಬಂದವನು ನನ್ನ ಯೂನಿಫಾರ್ಮ್ ನೋಡಿ ಬಗ್ಗಿದ. "ಪಾಪು, ನೀನು ಕಾನ್ವೆಂಟ್ನಲ್ಲಿ ಓದೋಳು. ನೀನ್ ಹೇಳು, ಇದೇನು?"

ಪಡಸಾಲೆಯಲ್ಲಿ ಮಿಷನ್ನಿನ ಸದ್ದು ನಿಂತಿತು. ಸುಳ್ಳು ಹೇಳಿದರೆ ಸಿಸ್ಟರ್, ನಿಜ ಹೇಳಿದರೆ ಐಮಂಗಲ.

"ಅಪ್ಪ ಇದನ್ನ ಕೊಟ್ಟಿಗೆ ಅಂತಾರೆ" ಎಂದೆ.

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಹೊಸ್ತಿಲನ್ನು, ಆಮೇಲೆ ಪಡಸಾಲೆಯ ಕಡೆಗೆ. "ಆಯ್ತು ಬಿಡವ್ವ, ನಿಮ್ಮಪ್ಪ ಅಂದಂಗೇ ಬರ್ಕಂತೀನಿ" ಎಂದು ಪುಸ್ತಕದಲ್ಲಿ ಏನೋ ಗೀಚಿಕೊಂಡು, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೋದ. ಮೊಪೆಡ್ಡಿನ ಸದ್ದು ಬೀದಿಯ ತಿರುವು ದಾಟಿದ ಮೇಲೆ ಮಿಷನ್ನು ಮತ್ತೆ ಓಡಿತು.

ಅಪ್ಪನ ಸಿಟ್ಟು ಆಮೇಲೆ ಹೊರಬಂತು. "ಯಾರೇ ಅದನ್ನ ಹಚ್ಚಿದ್ದು? ಕೊಟ್ಟಿಗೆಗೆ ಯಾರಾದ್ರೂ ಹಿಂಗ್ ಪೂಜೆ ಮಾಡ್ತಾರಾ? ಸಿಕ್ಕಾಕ್ಕಂತಿದ್ವಲ್ಲ!"

ಅಮ್ಮ ಮಜ್ಜಿಗೆ ಲೋಟ ತೊಳೆಯುತ್ತಿದ್ದಳು. ಅವಳ ಉಗುರುಗಳ ಸಂದಿ ಹಳದಿಯಾಗಿತ್ತು. "ಸಿಕ್ಕಾಕ್ಕಂಡ್ರೆ ಸಿಕ್ಕಾಕ್ಕಂತಿದ್ವಿ" ಎಂದಳು ಲೋಟದ ಕಡೆ ನೋಡುತ್ತಲೇ. "ಹೆಣ್ಮಗಳು ಬೋಳು ಹೊಸ್ತಿಲು ದಾಟಿ ಹೋಗಿ ಒಲೆ ಹಚ್ಬೇಕೇನ್ರಿ?"

ಗೌರತ್ತೆ ಮಿಷನ್ ಬಿಟ್ಟು ಎದ್ದು ಬಂದಳು. ಅಮ್ಮನ ಕೈಯಿಂದ ಲೋಟ ಇಸಿದುಕೊಂಡು, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು.

ಪಂಚಾಯಿತಿಗೆ ಹೇಳಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆ ಕೊನೆಯವರೆಗೂ ಆ ಕೋಣೆಯಲ್ಲೇ ಬಾಳಿದಳು. ಅವಳ ನಂತರ ಅದನ್ನು ಕೆಡವಿ ಕಾರು ನಿಲ್ಲಿಸಲು ಶೆಡ್ಡು ಮಾಡಿದರು. ಈಗ ನಾನಿರುವುದು ಚಿತ್ರದುರ್ಗದ ಒಂದು ಬಡಾವಣೆಯಲ್ಲಿ. ಈಚೆಗೆ ಪಕ್ಕದವರು ಮನೆ ಹಿಂದೆ ಒಂದು ರೂಮು ಕಟ್ಟಿಸಿದರು. ಅದು ಯಾರಿಗೋ, ಅಲ್ಲಿ ಒಲೆ ಇದೆಯೋ ಇಲ್ಲವೋ, ನನಗೆ ತಿಳಿಯದು. ಅವರ ಕಾಂಪೌಂಡು ನನ್ನ ತಲೆಗಿಂತ ಎತ್ತರ. ನಮ್ಮ ಮನೆಯಲ್ಲಿ ಯಾರಿದ್ದಾರೆಂದು ಅವರೂ ಕೇಳಿಲ್ಲ. ಹಾಲು ಪ್ಯಾಕೆಟ್ಟಿನಲ್ಲಿ ಬಂದು ಗೇಟಿಗೆ ತೂಗುತ್ತದೆ. ರುದ್ರಕ್ಕ ಇಣುಕುವುದಕ್ಕೆ ಎಷ್ಟು ಹೆದರುತ್ತಿದ್ದೆವು! ಈಗ ಅನುಮಾನ ಪಡುವಷ್ಟೂ ನಮ್ಮನ್ನು ಯಾರೂ ನೋಡುವುದಿಲ್ಲ.

ಆ ಶನಿವಾರದ ಸಂಜೆ ಅಪ್ಪ ಈರಜ್ಜನ ಹಸುವನ್ನು ವಾಪಸು ಹೊಡೆದುಕೊಂಡು ಹೋದರು. ಗೌರತ್ತೆ ಹೊಸ ಕಟ್ಟೆಯ ಮೇಲೆ ಸೀಮೆಎಣ್ಣೆ ಸ್ಟೋವ್ ಇಟ್ಟು ಮಂಡಕ್ಕಿ ಒಗ್ಗರಣೆ ಹಾಕಿದಳು. ಹಸಿ ಸಿಮೆಂಟಿನ ವಾಸನೆಯೊಳಗೆ ಸಾಸಿವೆ, ಹಸಿಮೆಣಸಿನಕಾಯಿ ಸಿಡಿದವು. ಅಮ್ಮ ಹೊಸ್ತಿಲ ಆಚೆ ಕೂತು ಈರುಳ್ಳಿ ಹೆಚ್ಚಿಕೊಡುತ್ತಿದ್ದಳು. ಉಪ್ಪು ಹಾಕಿದ್ದು ಅತ್ತೆ ಒಬ್ಬಳೇ. ಅಷ್ಟರಲ್ಲಿ ಕಾಂಪೌಂಡಿನ ಮೇಲೆ ರುದ್ರಕ್ಕನ ತಲೆ ಕಾಣಿಸಿತು. ಅಮ್ಮ ಗಡಬಡಿಸಿ ಬಾಗಿಲು ಎಳೆಯಲು ಹೋದಳು. ರುದ್ರಕ್ಕ ನಮ್ಮ ಕಡೆ ಸರಿಯಾಗಿ ನೋಡಲೂ ಇಲ್ಲ. ಗೋಡೆಗೆ ತಟ್ಟಿ ಒಣಗಿಸಿದ್ದ ಸಗಣಿಯ ಕುಳ್ಳು ಕೀಳುತ್ತಲೇ ಕೇಳಿದಳು:

"ಏನ್ರಮ್ಮ, ನಾಳೆಯಿಂದ ಹಾಲು ಒಂದು ಮನೆಗೋ, ಎರಡು ಮನೆಗೋ?"