ಮೊದಲು ಸ್ಪಿರಿಟ್, ಆಮೇಲೆ ಪಂಪು

ಸ್ಟೌ ಪಿನ್ ಎಂಬುದು ನೋಡಲು ಏನೂ ಅಲ್ಲ. ಬೆರಳುದ್ದದ ತಗಡಿನ ಪಟ್ಟಿ, ಅದರ ತುದಿಗೆ ಕೂದಲಿನಷ್ಟು ತೆಳುವಾದ ತಂತಿ. ಆದರೂ ಎರಡು ವಾರಗಳಿಂದ ಅದನ್ನು ಕೈಗೆತ್ತಿಕೊಂಡವನು ಸ್ಟೌ ಮುಟ್ಟದೆ ಹಾಗೇ ಕೆಳಗಿಡುತ್ತೇನೆ. ಇದಕ್ಕೆ ಉನ್ನತ ಗಣಿತವೇ ಕಾರಣವೆಂದರೆ, ಮಿತ್ರರೇ, ನೀವು ನಗಬಹುದು. ಹುಬ್ಬು ಸುಟ್ಟುಕೊಂಡವನು ನಾನಲ್ಲವಾದ್ದರಿಂದ ನಾನೂ ಆಗಾಗ ನಗುತ್ತೇನೆ.

ಸುಟ್ಟುಕೊಂಡವನು ಶೇಷಾದ್ರಿ. ವಿಲೆ ಪಾರ್ಲೆಯ ಚಾಳಿನ ಒಂದೇ ಖೋಲಿಯಲ್ಲಿ ನಾವಿಬ್ಬರೂ ವಾಸ. ನಾನು ಬಿ.ಎ.ವರೆಗೆ ಗಣಿತ ಓದಿ ಈಗ ವಿಮಾ ಕಚೇರಿಯ ಗುಮಾಸ್ತ; ಅವನು ಮೈಸೂರಿನಿಂದ ಬಂದ ಕಾಲೇಜು ಮೇಷ್ಟ್ರು, ಗ್ರೂಪುಗಳ ಉಪಾಸಕ. ಗ್ರೂಪು ಎಂದರೆ ಒಂದಾದ ಮೇಲೊಂದು ಮಾಡಬಹುದಾದ, ಮಾಡಿದ್ದನ್ನು ರದ್ದುಪಡಿಸಲೂ ಬರುವ ಕ್ರಿಯೆಗಳ ಸಂಸಾರ. ಅದರಲ್ಲಿ ಒಬ್ಬ ಸದಸ್ಯನ ಹಿಂದೆ ನಿಂತರೂ ಮುಂದೆ ನಿಂತರೂ ಫಲ ಬದಲಾಗದಂಥವರನ್ನೆಲ್ಲ ಒಟ್ಟುಹಾಕಿದರೆ ಅದು ಅವನ ಸೆಂಟ್ರಲೈಸರ್, ಅವನಿಗೆ ಒಗ್ಗುವವರ ಬಳಗ. ಶೇಷಾದ್ರಿಗೆ ಒಗ್ಗುವವರ ಬಳಗದಲ್ಲಿ ಅವನನ್ನು ಬಿಟ್ಟರೆ ನಾನೊಬ್ಬನೇ ಎಂದು ನಾನು ಬೀಗುತ್ತಿದ್ದೆ. ಇನ್ನು ಸಾಲ್ವಬಲ್ ಗ್ರೂಪು ಈರುಳ್ಳಿಯಂತೆ: ಪದರಪದರವಾಗಿ ಬಿಡಿಸಬಹುದು, ಪ್ರತಿ ಪದರದೊಳಗೂ ಎಲ್ಲರೂ ಪರಸ್ಪರ ಒಗ್ಗುವವರೇ. ಸದಸ್ಯರ ಸಂಖ್ಯೆ ಬೆಸವಾಗಿದ್ದು, ಪ್ರತಿ ಗ್ರೂಪಿನಲ್ಲೂ ಇರುವ, ಏನನ್ನೂ ಮಾಡದ ಒಬ್ಬ ಸೋಮಾರಿಯನ್ನುಳಿದು ಮಿಕ್ಕೆಲ್ಲರ ಬಳಗಗಳಲ್ಲೂ ಒಳಜಗಳವಿಲ್ಲದಿದ್ದರೆ ಇಡೀ ಗ್ರೂಪನ್ನೇ ಹೀಗೆ ಬಿಡಿಸಬಹುದೆಂದು ಹಡಗಿನಲ್ಲಿ ಬಂದ ಗಣಿತ ಪತ್ರಿಕೆಯೊಂದರಲ್ಲಿ ಯಾರೋ ಸಾಧಿಸಿದ್ದರಂತೆ. ಅದಕ್ಕೆ ಶೇಷಾದ್ರಿ ನಾಲ್ಕೇ ಪುಟದ ಅಡ್ಡದಾರಿ ಕಂಡುಹಿಡಿದಿದ್ದ.

ಆ ಭಾನುವಾರ ಬೆಳಿಗ್ಗೆ ಕಾಫಿಯ ಸರದಿ ಅವನದು. ಪಿನ್ನಿನಿಂದ ಸ್ಟೌವಿನ ತೂತು ಚುಚ್ಚಿ, ಬರ್ನರಿನ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಸುರಿದು (ಪಾನನಿರೋಧದ ಈ ಊರಿನಲ್ಲಿ ಆ ಪದವನ್ನು ಮೆಲ್ಲಗೆ ಉಚ್ಚರಿಸುತ್ತೇನೆ) ಹಚ್ಚಿ, ಬರ್ನರ್ ಕಾದು ಎಣ್ಣೆ ಆವಿಯಾಗುವಂತಾದ ಮೇಲೆ ಪಂಪು ಹೊಡೆಯಬೇಕು. ಒಂದು ಕೈಯಲ್ಲಿ ಹಾಳೆ ಹಿಡಿದ ಶೇಷಾದ್ರಿ, “ಇಲ್ಲಿ ಎ, ಬಿ ಎರಡನ್ನೂ ಅದಲುಬದಲು ಮಾಡು, ಮುಗೀತು!” ಎನ್ನುತ್ತ ತಣ್ಣಗಿದ್ದ ಬರ್ನರಿಗೇ ಪಂಪು ಹೊಡೆದ. ಹಾಳೆಯ ಅದಲುಬದಲೂ ಸ್ಟೌವಿನದೂ ಎರಡೂ ನನಗೆ ಅನುಮಾನ ಹುಟ್ಟಿಸಿದವು. ಸಾಧನೆಯ ನಡುವೆ ಬಾಯಿ ಹಾಕಿದರೆ ಎರಡು ದಿನ ಮುನಿಸಿಕೊಳ್ಳುತ್ತಾನೆಂದು ಸುಮ್ಮನಿದ್ದೆ. ಅವನು ಕಡ್ಡಿ ಗೀರಿದ.

ಹಸಿ ಸೀಮೆಎಣ್ಣೆ ಕಾರಂಜಿಯಾಗಿ ಚಿಮ್ಮಿತು. ಬೆಂಕಿ ಸೂರಿನವರೆಗೆ ಎದ್ದಿತು. ಅವನ ತೋಳು ಹತ್ತಿಕೊಂಡಿತು. ನಾನು ಎರಡು ಲೋಟ ಹಿಡಿದು ನಿಂತಿದ್ದೆ.

ಪಕ್ಕದ ಖೋಲಿಯ ಗಂಗಕ್ಕ, ಧಾರವಾಡದ ಕಡೆಯವರು, ಒದ್ದೆ ಗೋಣಿತಟ್ಟಿನೊಡನೆ ನುಗ್ಗಿದರು.

“ಹಾಳೆ, ಗಂಗಕ್ಕಾ, ಹಾಳೆ!” ಎಂದು ಶೇಷಾದ್ರಿ ಅರಚಿದ.

“ನಿಮ್ಮ ಹಾಳಿಗೆ ಬೆಂಕಿ ಹಚ್ರಿ, ಮೊದ್ಲ ಕೈ ಕೊಡ್ರಿ, ಮಾಸ್ತರ!” ತೋಳಿಗೆ ತಟ್ಟು ಸುತ್ತಿ ಉರಿ ಆರಿಸಿ, ಅದನ್ನೇ ಸ್ಟೌವಿನ ಮೇಲೆ ಒಗೆದು ಒತ್ತಿ, ಗಾಳಿ ಬಿಡುವ ಕೀಲಿ ಸಡಿಲಿಸಿದರು. ಆಮೇಲೆ ನನ್ನತ್ತ ತಿರುಗಿದರು: “ನೀವೇನ್ರಿ, ಲೋಟಾ ಹಿಡ್ಕೊಂಡು ಆರತಿ ಮಾಡಾಕ ಹತ್ತೀರೇನು?”

ಅಂದಿನಿಂದ ಲೋಕಲ್ ರೈಲಿನಲ್ಲಿ ನೇತಾಡುತ್ತ ಆ ಬೆಳಗನ್ನೇ ಮತ್ತೆ ಮತ್ತೆ ಜೋಡಿಸುತ್ತೇನೆ: ನಾನು ಕೂಗುತ್ತೇನೆ, ಅವನು ಕಡ್ಡಿ ಕೆಳಗಿಡುತ್ತಾನೆ. ಹೀಗೆ ಜೋಡಿಸುತ್ತ ಪಾರ್ಲೆ ದಾಟಿ ಅಂಧೇರಿಯಲ್ಲಿ ಇಳಿದದ್ದೂ ಉಂಟು. ಗ್ರೂಪಿನಲ್ಲಿ ಪ್ರತಿ ಕ್ರಿಯೆಯನ್ನೂ ರದ್ದುಪಡಿಸಬಹುದು. ಗೀರಿದ ಕಡ್ಡಿಗೆ ಆ ಸೌಲಭ್ಯವಿಲ್ಲ. ನಮ್ಮ ಖೋಲಿ ಗ್ರೂಪೇ ಅಲ್ಲ. ನಾನು ಒಗ್ಗುವುದೆಂದು ತಿಳಿದದ್ದು ಬರಿಯ ಬಾಯಿ ಮುಚ್ಚಿಕೊಂಡಿರುವುದಾಗಿತ್ತು, ಅದಕ್ಕೆ ಅವನು ತನ್ನ ಕೈಯ ಚರ್ಮ ತೆತ್ತ.

ನಿನ್ನೆ ಧೈರ್ಯ ಮಾಡಿದೆ. “ಎರಡನೇ ಪುಟದಲ್ಲಿ ಎ, ಬಿ ಅದಲುಬದಲು ಮಾಡಿದೆಯಲ್ಲ, ಬಿ ಅನ್ನೋದು ಎಗೆ ಒಗ್ಗುವ ಬಳಗದಲ್ಲಿದೆ ಅಂತ ಎಲ್ಲಿ ಸಾಧಿಸಿದೆ?”

ಅವನು ಅಂಚು ಕರಿಕಾಗಿದ್ದ ಹಾಳೆಯನ್ನೆತ್ತಿ ಆ ಸಾಲಿನ ಮೇಲೆ ಬೆರಳಾಡಿಸಿದ. ಹುಬ್ಬಿಲ್ಲದ ಮುಖದಲ್ಲಿ ಸಿಟ್ಟು ಗುರುತಿಸುವುದು ಕಷ್ಟ.

“ಯಾವಾಗ ಕಂಡಿತು ಇದು ನಿನಗೆ?”

“ಆ ಭಾನುವಾರವೇ.”

“ಆಗಲೇ ಬೊಗಳೋಕೆ ಏನೋ ಧಾಡಿ?”

ನಾಲ್ಕು ಪುಟವನ್ನೂ ಮಡಚಿಟ್ಟು ಮುಖ ತಿರುಗಿಸಿ ಕೂತ. ಇಂದು ಬೆಳಿಗ್ಗೆ ಕಾಫಿಯ ಸರದಿ ನನ್ನದು. ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ನಾನು ಕೆಳಗಿಟ್ಟ ಪಿನ್ ಅವನೇ ಎತ್ತಿಕೊಂಡು ಎಡಗೈಯಲ್ಲೇ ತೂತು ಚುಚ್ಚಿದ, ಸ್ಪಿರಿಟ್ ಸುರಿದ, ಹಚ್ಚಿದ. ಪಂಪಿನ ಮೇಲೆ ಬೆರಳಿಟ್ಟು ತಡೆದು, ಮುನಿಸಿನ ಮುಖವನ್ನು ಗೋಡೆಯತ್ತಲೇ ಇಟ್ಟುಕೊಂಡು ಕೇಳಿದ:

“ಈಗ?”

“ಇನ್ನೂ ಇಲ್ಲ,” ಎಂದೆ, ಚಾಳಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.